ಪೋಸ್ಟಕ್ಕ ಹುಡುಕಿಕೊಟ್ಟ ಸೀಟು

ಪೋಸ್ಟಕ್ಕ ತೀರಿಕೊಂಡು ಹದಿನೈದು ದಿನವಾದ ಮೇಲೆ ನಮ್ಮೂರಿನ ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಅವರ ಕೈಕೆಳಗೆ ಹನ್ನೊಂದು ವರ್ಷ ಟಪಾಲು ಹಂಚಿದವಳು ನಾನು, ಹಾಗಾಗಿ ನಾನೂ ನಾಲ್ಕು ಮಾತು ಹೇಳಬೇಕು ಎಂದು ಹೆಡ್‌ಮಾಸ್ತರು ಕರೆದರು. ಎದ್ದು ನಿಂತೆ. ಅವರ ಶಿಸ್ತು, ಪ್ರಾಮಾಣಿಕತೆಯನ್ನೆಲ್ಲ ಉಳಿದವರು ಆಗಲೇ ಹೇಳಿ ಮುಗಿಸಿದ್ದರು. ನನಗೆ ಹೇಳಬೇಕಾಗಿದ್ದದ್ದು ಒಂದು ಸೈಕಲ್ ಸೀಟಿನ ವಿಷಯ. ಎದುರಿಗೆ ಊರಿನ ಗಂಡಸರು, ಏಳನೆಯ ತರಗತಿಯ ಮಕ್ಕಳು ಕೂತಿದ್ದರು. “ಅವರು ನನಗೆ ತುಂಬ ಸಹಾಯ ಮಾಡಿದ್ದಾರೆ” ಎಂದಷ್ಟೇ ಹೇಳಿ ಕೂತುಬಿಟ್ಟೆ.

ಮನೆಗೆ ಬಂದ ಮೇಲೆ ಅದು ಸರಿಯಾಗಲಿಲ್ಲ ಅನ್ನಿಸಿತು. ನಾನು ಪಿಯುಸಿವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆದರೂ ಬಾಯಲ್ಲಿ ಬಾರದ್ದನ್ನು ಕಾಗದದ ಮೇಲಾದರೂ ಇಡಬೇಕೆಂದು ಕೂತಿದ್ದೇನೆ.

ನಮ್ಮದು ಹಿರೇಗುತ್ತಿಯ ಹತ್ತಿರದ ಸಣ್ಣ ಊರು. ಅಂಚೆ ಕಚೇರಿ ಎಂದರೆ ಪೋಸ್ಟಕ್ಕನ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ಕಪಾಟು, ಒಂದು ಸ್ಟೂಲು. ಅವರ ಹೆಸರು ರಬ್ಬರ್ ಮೊಹರಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ಪೋಸ್ಟಕ್ಕ. ಎತ್ತರಕ್ಕೂ ಅಗಲಕ್ಕೂ ದೊಡ್ಡ ಹೆಂಗಸು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಾರೀಖಿನ ಮೊಹರು ಹೊಡೆದರೆ ಮೇಜಿನ ಮೇಲಿನ ಅಂಟಿನ ಬಾಟಲಿ ಕುಣಿಯುತ್ತಿತ್ತು. ಟಪಾಲು ಚೀಲದ ಬಾಯಿ ಕಟ್ಟಿ ಬಸ್ಸಿಗೆ ಕೊಡುವವರೆಗೆ ಕವಳ ಹಾಕುತ್ತಿರಲಿಲ್ಲ. ಚೀಲ ಹೋದ ಕೂಡಲೇ ಎಲೆಗೆ ಸುಣ್ಣ ಹಚ್ಚಲು ಕೂತರೆ ಆಮೇಲೆ ಮುಖ್ಯಮಂತ್ರಿ ಬಂದರೂ ಏಳುವವರಲ್ಲ.

ಕಳೆದುಹೋದದ್ದನ್ನು ಹುಡುಕುವುದೆಂದರೆ ಅವರಿಗೆ ಪ್ರೀತಿ. ಒಮ್ಮೆ ಮುಂಬೈಯಿಂದ ಒಂದು ಕಾಗದ ಬಂದಿತ್ತು. ಮೇಲೆ ‘ಮಾದೇವಿ, ತೆಂಗಿನ ಮರದ ಮನೆ’ ಎಂದಿಷ್ಟೇ ಬರೆದಿತ್ತು. ವಾಪಸು ಕಳಿಸೋಣವೇ ಎಂದು ಕೇಳಿದೆ.

“ವಾಪಸು ಕಳ್ಸೂಕೆ ಹಿಂದ್ಗಡೆ ವಿಳಾಸ ಎಲ್ಲದೆ? ತೆಂಗಿನ ಮರ ಇಲ್ದೇ ಇದ್ದ ಮನೆ ಅಂತ ಬರೆದಿದ್ರೆ ಬೇಗ ಸಿಕ್ತಿತ್ತು” ಎಂದರು. ಎರಡು ದಿನದಲ್ಲಿ ಮೂವರು ಮಾದೇವಿಯರನ್ನು ಕರೆಸಿ, ಅಕ್ಷರ ತೋರಿಸಿ, ನಾಲ್ಕನೆಯ ಮಾದೇವಿಗೆ ಕಾಗದ ಮುಟ್ಟಿಸಿದರು. “ವಿಳಾಸ ಸರಿ ಇಲ್ದೇ ಹೋದ್ರೆ ಲೋಕದಲ್ಲಿ ಎಂತದೂ ಮುಟ್ಟೂದಿಲ್ಲ” ಎನ್ನುವುದು ಅವರ ಗಾದೆ. ಮಳೆಗಾಲಕ್ಕೆ, ಗಂಡ ಹೆಂಡಿರ ಜಗಳಕ್ಕೆ, ಪಂಚಾಯ್ತಿಯ ನಳಕ್ಕೆ, ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದರು.

ಹೊಗಳುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನೆರೆ ಬಂದಾಗ ಟಪಾಲನ್ನು ತಲೆಯ ಮೇಲೆ ಹೊತ್ತು, ಸೊಂಟದವರೆಗಿನ ನೀರಿನಲ್ಲಿ ನಡೆದು, ಎಲ್ಲ ಮನೆಗೆ ಮುಟ್ಟಿಸಿ ಬಂದಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸೀರೆ ಹಿಂಡ್ಕಂಡು ಬಾ, ರಿಜಿಸ್ಟರು ಒದ್ದೆ ಆಗ್ತದೆ” ಎಂದಿದ್ದರು.

ನನ್ನ ಚಿಕ್ಕ ಮಗನಿಗೆ ಈಗ ಎಂಟು ವರ್ಷ. ಅವನ ಹೆರಿಗೆ ಕಷ್ಟದ್ದಾಗಿತ್ತು. ತುಂಬ ಹೊಲಿಗೆ ಹಾಕಿದ್ದರು. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಸೈಕಲ್ ಹತ್ತಿದಾಗ ಕಣ್ಣು ಕತ್ತಲೆ ಬಂತು. ನನ್ನ ಸುತ್ತು ದಿನಕ್ಕೆ ಹದಿನಾರು ಕಿಲೋಮೀಟರು. ಅದರಲ್ಲಿ ಅರ್ಧ ಡಾಂಬರು, ಇನ್ನರ್ಧ ಹೊಳೆಯ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳ ಒಡ್ಡಿನ ಮೇಲೆ. ಆ ನೀರು ತಡೆಯಲು ಮಣ್ಣು ಕಲ್ಲು ಪೇರಿಸಿದ ದಾರಿ ಅದು, ಒಂದೊಂದು ಕಲ್ಲೂ ಮೈಗೆ ತಾಗುತ್ತದೆ. ಡಾಕ್ಟರರಿಗೆ ತೋರಿಸಿದ್ದೆ. ಗಾಯ ಒಣಗಿದೆ, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಯಾರಿಗೆ ಹೇಳುವುದು? ಗಂಡ ಬೋಟಿಗೆ ಹೋಗುವವರು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅವರಿಗೂ ಹೇಳಲಿಲ್ಲ. ಸೈಕಲ್ ತಳ್ಳಿಕೊಂಡು ನಡೆಯತೊಡಗಿದೆ. ಬೆಳಿಗ್ಗೆ ಹೊರಟರೆ ಸುತ್ತು ಮುಗಿಯುವಾಗ ಸಂಜೆಯಾಗುತ್ತಿತ್ತು.

ನನ್ನ ರಜೆಯಲ್ಲಿ ಬದಲಿಗೆ ಬಂದಿದ್ದವನು ಮೋಟಾರ್ ಸೈಕಲ್ಲಿನಲ್ಲಿ ಹಂಚಿ ಹನ್ನೆರಡು ಗಂಟೆಗೆ ಮುಗಿಸುತ್ತಿದ್ದ. ಒಡ್ಡಿನಾಚೆಯ ಮನೆಗಳಿಗೆ ಅವನು ಹೋಗುತ್ತಲೇ ಇರಲಿಲ್ಲ, ಆ ಮನೆಯವರು ರಸ್ತೆಗೆ ಬಂದು ಕಾಯುತ್ತಿದ್ದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ನಾನು ತಡ ಮಾಡುವುದು ಮಾತ್ರ ಬಂತು. ಯಾರೋ ಮೇಲಿನವರಿಗೆ ಬರೆದರು. ಇನ್‌ಸ್ಪೆಕ್ಟರು ಬಂದರು.

“ನೋಡಮ್ಮ, ಸೈಕಲ್ ಬರ್ತದೆ ಅಂತ ಬರೆದುಕೊಟ್ಟೇ ಕೆಲಸಕ್ಕೆ ಸೇರಿದ್ದು ನೀನು. ಮುಂದಿನ ತಿಂಗಳು ನಾನೇ ಬಂದು ನಿನ್ನ ಸುತ್ತು ನೋಡ್ತೇನೆ. ಹನ್ನೆರಡೂವರೆಗೆ ಮುಗೀದೇ ಇದ್ರೆ ಬೇರೆಯವರನ್ನು ಹಾಕಬೇಕಾಗ್ತದೆ.”

ಅವರು ಹೋದ ಮೇಲೆ ಪೋಸ್ಟಕ್ಕ ಬಾಗಿಲು ಅರ್ಧ ಮುಚ್ಚಿದರು.

“ಕೂತ್ಕ” ಎಂದು ಸ್ಟೂಲು ತೋರಿಸಿದರು.

“ಬೇಡ ಅಕ್ಕ, ನಿಂತೇ ಇರ್ತೆ.”

“ಇಪ್ಪತ್ತು ದಿವ್ಸದಿಂದ ನೋಡ್ತಾ ಇದ್ದೆ. ಸುತ್ತೆಲ್ಲ ನಡೆದವ್ಳಂಗೆ ಬರ್ತೆ, ಕೂರೂದಿಲ್ಲ. ಎಂತ ಆತು?”

“ಎಂತ ಇಲ್ಲ. ಸ್ವಲ್ಪ ನೋವು.”

“ಎಲ್ಲಿ?”

“ಅಲ್ಲೇ.”

“ಅಲ್ಲೇ ಅಂದ್ರೆ ಎಲ್ಲೆ? ನೋವಿಗೂ ವಿಳಾಸ ಇರ್ತದೆ ಮಾರಾಯ್ತಿ. ಸರಿ ಹೇಳಿದ್ರೆ ಸಿಕ್ತದೆ.”

ನಾನು ನೆಲ ನೋಡಿಕೊಂಡು ಹೇಳಿದೆ. ಕೂರುವ ಎಲುಬಿಗಲ್ಲ, ಅದರ ನಡುವೆ, ಮುಂದಕ್ಕೆ, ಹೊಲಿಗೆ ಹಾಕಿದಲ್ಲಿ. ಅವರು ಮುಖ ಬದಲಿಸದೆ ಕೇಳಿಸಿಕೊಂಡರು. ಹಳೆಯ ಫಾರಮ್ಮಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಸೀಟಿನ ಚಿತ್ರ ಬರೆದು ನನ್ನ ಕಡೆ ತಿರುಗಿಸಿ, “ಇಲ್ಲಿಯಾ?” ಎಂದರು. ಹೌದೆಂದೆ. ಅಲ್ಲೊಂದು ಚುಕ್ಕೆ ಇಟ್ಟರು. ನನಗೆ ಅಳು ಬಂತು. ಅವರು ಮೊಹರು ಒರೆಸುತ್ತ ಕೂತರು.

ಇಲ್ಲಿ ಒಂದು ಮಾತು ಹೇಳಬೇಕು. ಪೋಸ್ಟಕ್ಕ ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ. ಚಿಕ್ಕವರಿದ್ದಾಗ ಅವರ ಅಪ್ಪ ಬಿಟ್ಟಿರಲಿಲ್ಲ, ಆಮೇಲೆ ಮೈ ಬಿಡಲಿಲ್ಲ. ಆದರೂ ಒಂದು ತಿಂಗಳು ಅವರು ಸೈಕಲ್ ಸೀಟನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಮೊದಲು ಕುಮಟೆಯ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವನು ‘ಲೇಡೀಸ್ ಸೀಟು’ ಎಂದು ದಪ್ಪ ಸ್ಪಂಜಿನ, ಕೆಳಗೆ ಸ್ಪ್ರಿಂಗಿರುವ ಒಂದನ್ನು ತೆಗೆದ. ಪೋಸ್ಟಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹಲಸಿನ ಹಣ್ಣು ನೋಡಿದ ಹಾಗೆ.

“ಇದನ್ನ ಮಾಡ್ದವ್ನ ಹೆಂಡ್ತಿ ಸೈಕಲ್ ಹೊಡೀತಾಳಾ?”

“ಅದು ನಂಗೆ ಹೇಗೆ ಗೊತ್ತು ಅಕ್ಕ? ಮಾಲು ಲುಧಿಯಾನಾದಿಂದ ಬರ್ತದೆ.”

“ಹಾಗಾರೆ ಅವ್ಳಿಗೊಂದು ಕಾರ್ಡು ಬರ್ದು ಕೇಳ್ಬೇಕು.”

ತಂದು ಹಾಕಿಸಿದೆವು. ಮೊದಲ ದಿನ ಸುಖವಾಗಿತ್ತು. ಮೂರನೆಯ ದಿನಕ್ಕೆ ಮೊದಲಿಗಿಂತ ಹೆಚ್ಚು ನೋವು. ಮೆತ್ತಗಿದ್ದಷ್ಟೂ ಮೈ ಒಳಗೆ ಇಳಿಯುತ್ತದೆ, ನಡುವಿನ ಸ್ಪಂಜು ಮೇಲೇರಿ ಅದೇ ಜಾಗಕ್ಕೆ ಒತ್ತುತ್ತದೆ. ಇದನ್ನು ಹೇಳಿದಾಗ ಅವರು ಕವಳ ಬಾಯಲ್ಲಿಟ್ಟುಕೊಂಡು ತುಂಬ ಹೊತ್ತು ಯೋಚಿಸಿದರು.

ಮರುದಿನ ನಾನು ಬರುವಷ್ಟರಲ್ಲಿ ಸೀಟಿನ ಮೇಲೊಂದು ಸಿಂಬೆ ಕೂತಿತ್ತು. ತಲೆಯ ಮೇಲೆ ಕೊಡ ಹೊರುವಾಗ ಅಡಿಗೆ ಇಡುತ್ತೇವಲ್ಲ, ಅದೇ ಬಟ್ಟೆಯ ಬಳೆ. ತಮ್ಮ ಹಳೆಯ ಸೀರೆ ಹೊಸೆದು ಮಾಡಿ, ಟಪಾಲು ಚೀಲದ ಸುತಲಿಯಿಂದ ಸೀಟಿಗೆ ಬಿಗಿದಿದ್ದರು.

“ಕೊಡ ಎಂತಕ್ಕೆ ಉರುಳೂದಿಲ್ಲ? ಅಂಚು ಕೂರ್ತದೆ, ತಳ ಗಾಳಿಯಲ್ಲಿರ್ತದೆ. ನಿಂಗೂ ಅಷ್ಟೇ ಬೇಕಾದ್ದು” ಎಂದರು.

ಬೇಡ ಎನ್ನಲು ಆಗಲಿಲ್ಲ. ರಸ್ತೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳು, “ಎಂತೇ, ಇವತ್ತು ಸೈಕಲ್ ನೀರು ಹೊರೂಕೆ ಹೊಂಟಿದ್ಯಾ?” ಎಂದು ನಗಾಡಿದಳು. ಸೇತುವೆಯ ತನಕ ನಿಜವಾಗಿಯೂ ನೋವಿರಲಿಲ್ಲ. ನನಗೇ ಆಶ್ಚರ್ಯವಾಯಿತು. ಒಡ್ಡಿನ ಮೇಲೆ ಹತ್ತಿದ್ದೇ ಸುತಲಿ ಜಾರಿತು, ಸಿಂಬೆ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಗಜನಿಯ ಕೆಸರಿಗೆ ಬಿದ್ದೆ. ಟಪಾಲು ಚೀಲವನ್ನು ಮಾತ್ರ ಕೈ ಎತ್ತಿ ಹಿಡಿದಿದ್ದೆ.

ಕೆಸರು ಮೆತ್ತಿಕೊಂಡು ಕಚೇರಿಗೆ ಬಂದಾಗ ಪೋಸ್ಟಕ್ಕ ಕೇಳಿದ್ದು ಒಂದೇ. “ಸೇತುವೆ ತನ್ಕ ನೋವಿತ್ತಾ?”

“ಇಲ್ಲ.”

“ಆತು. ಹಾಗಾರೆ ನಡು ಖಾಲಿ ಇರ್ಬೇಕು. ಅರ್ಧ ವಿಳಾಸ ಸಿಕ್ತು.” ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಆಮೇಲಷ್ಟೇ ಬಿಸಿ ನೀರು ಕಾಯಿಸಿ ಕೊಟ್ಟರು.

ಮರುದಿನದಿಂದ ಇನ್ನೊಂದು ನಡೆಯತೊಡಗಿತು. ಬೆಳಿಗ್ಗೆ ಟಪಾಲು ವಿಂಗಡಿಸುವಾಗ ಅವರು ಒಡ್ಡಿನಾಚೆಯ ಮನೆಗಳ ಕಟ್ಟನ್ನು ತೆಗೆದು ತಮ್ಮ ಕಪಾಟಿನಲ್ಲಿ ಇಡುತ್ತಿದ್ದರು. “ಅವ್ರೇ ಬಂದು ತಗಂಡು ಹೋಗ್ತ್ರಂತೆ” ಎನ್ನುತ್ತಿದ್ದರು. ನಾನು ನಂಬಿದೆ. ತಿಂಗಳ ಮೇಲೆ ಆ ಕಡೆಯ ಅಜ್ಜಿಯೊಬ್ಬಳು ಹೇಳಿದಳು: “ಪಾಪ, ಪೋಸ್ಟಕ್ಕನ ಮಂಡಿ ಹೇಗದೆ? ದಿನಾ ಮಧ್ಯಾಹ್ನ ಛತ್ರಿ ಹಿಡ್ಕಂಡು ನಡೆದು ಬರ್ತಿದ್ರು. ನಮ್ಮ ಜಗಲಿ ಹತ್ತೂಕೆ ಎರಡು ಜನ ಕೈ ಹಿಡೀಬೇಕಾಗ್ತಿತ್ತು.” ಕಚೇರಿ ಮುಚ್ಚಿದ ಮೇಲೆ, ಊಟಕ್ಕೂ ಮೊದಲು, ಆ ದೇಹ ಹೊತ್ತುಕೊಂಡು ಅವರು ನನ್ನ ಅರ್ಧ ಸುತ್ತು ನಡೆದಿದ್ದರು. ಕೇಳಿದರೆ, “ನಂಗೆ ಗಾಳಿ ಬೇಕಾಗಿತ್ತು” ಎಂದರು.

ಉಳಿದ ಅರ್ಧ ವಿಳಾಸ ಭಟ್ಕಳದಲ್ಲಿ ಸಿಕ್ಕಿತು. ಅವರ ತಂಗಿಯ ಮನೆ ತೆಂಗಿನಗುಂಡಿಯಲ್ಲಿತ್ತು. ಭಟ್ಕಳದಲ್ಲಿ ಗಾಡಿ ಸೀಟಿನ ಕುಶನ್ ಕೆಲಸ ಮಾಡುವ ಒಬ್ಬರಿದ್ದಾರೆ, ದುಬೈಯಲ್ಲಿ ಕಾರಿನ ಸೀಟು ಹೊಲಿದು ಬಂದವರು ಎಂದು ಆ ತಂಗಿ ಫೋನಿನಲ್ಲಿ ಹೇಳಿದ್ದರು. ಎರಡು ದಿನ ರಜೆ ಕೂಡಿ ಬಂದಾಗ ಹೊರಟೆವು. ಕೂಸನ್ನು ನಾನು ಎತ್ತಿಕೊಂಡಿದ್ದೆ, ಸೈಕಲ್ಲಿನಿಂದ ಬಿಚ್ಚಿದ ಹಳೆಯ ಸೀಟನ್ನು ಪೋಸ್ಟಕ್ಕ ಚೀಲದಲ್ಲಿ ಹಾಕಿಕೊಂಡಿದ್ದರು. ಹೊನ್ನಾವರದ ಸೇತುವೆ ದಾಟುವಾಗ ಕಂಡಕ್ಟರು ಚೀಲ ನೋಡಿ, “ಎಂತ ಅಕ್ಕ, ಸೈಕಲ್ ಬಾಕಿ ಹಿಂದಿಂದ ಬರ್ತದಾ?” ಎಂದು ಕೇಳಿದ. “ಬರ್ತದೆ, ಅದಕ್ಕೆ ಟಿಕೇಟು ಬೇರೆ ತೆಗೀತೆ” ಎಂದರು.

ಕುಶನ್ ಸಾಹೇಬರು ವಯಸ್ಸಾದವರು, ಮೆದು ಮಾತಿನವರು. ಪೋಸ್ಟಕ್ಕ ಫಾರಮ್ಮಿನ ಹಿಂದಿನ ಚಿತ್ರ ತೆರೆದು ಚುಕ್ಕೆಯ ಮೇಲೆ ಬೆರಳಿಟ್ಟು ವಿವರಿಸತೊಡಗಿದರು. ಸಾಹೇಬರು ಚಿತ್ರ ನೋಡಿದರು, ಬೀದಿ ನೋಡಿದರು, ತಮ್ಮ ಟೋಪಿ ಸರಿ ಮಾಡಿಕೊಂಡರು.

“ಅದು ಮಾಡ್ಬಹುದು ಬಾಯಿಯವ್ರೇ. ಆದ್ರೆ ನಾಪು ಬೇಕು. ಅಂದ್ರೆ ಅಳತೆ. ಕೂತಾಗ ಎರಡು ಎಲುಬು, ಅದರ ನಡುವೆ...” ಎಂದು ನಿಲ್ಲಿಸಿದರು. ಕೊನೆಗೆ ಅವರು ಹಿಂದಿನ ಪರದೆಯ ಕಡೆ ತಿರುಗಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೂಗಿದರು.

ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ನಮ್ಮನ್ನು ಒಳಗೆ ಕರೆದರು. ಹೊಲಿಗೆ ಯಂತ್ರ ಅವರದ್ದು, ರೆಕ್ಸಿನ್ ಹೊಲಿಯುವವರು ಅವರೇ. “ಶರಮ್, ನಾಚಿಕೆ ಎಂತಕ್ಕೆ? ನಂಗೆ ಐದು ಮಕ್ಕಳು” ಎಂದು ನನ್ನನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಕೇಳಿದರು. ಕೇಳಿ ಹಳೆಯ ಸೀಟು ತಿರುಗಿಸಿ ನೋಡಿ ಪರದೆಯಾಚೆಗೆ ಕೂಗಿದರು: “ಇದರ ಹೊಲಿಗೆ ನಟ್ಟ ನಡುವೆ ಹಾಕಿದ್ದಾರೆ ನೋಡಿ. ಗಂಡಸರ ಬುದ್ಧಿ. ನಾನು ಬದಿಯಲ್ಲಿ ಹಾಕ್ತೇನೆ.” ಆಚೆಯಿಂದ ಸಾಹೇಬರು, “ಹಾಕು, ಹಾಕು, ಯಾರು ಬೇಡ ಅಂದ್ರು” ಎಂದರು. ಆದರೆ ಅಳತೆಗೆ ಆ ಮನೆಯಲ್ಲೂ ದಾರಿ ಕಾಣಲಿಲ್ಲ. ಟೇಪು ಹಿಡಿದು ತಗೊಳ್ಳುವ ಅಳತೆ ಅಲ್ಲ ಅದು.

ಸಂಜೆ ತೆಂಗಿನಗುಂಡಿಯ ಕಡಲ ದಂಡೆಯಲ್ಲಿ ಕೂಸನ್ನು ಆಡಿಸುತ್ತಿದ್ದೆವು. ಅವನನ್ನು ಒದ್ದೆ ಮರಳಿನಲ್ಲಿ ಕೂರಿಸಿ ಎತ್ತಿದೆ. ಪೋಸ್ಟಕ್ಕ ಅವನು ಕೂತ ಜಾಗವನ್ನೇ ನೋಡಿದರು. ಎರಡು ಸಣ್ಣ ಗುಳಿ ಬಿದ್ದಿದ್ದವು.

“ತಂಗಿ, ಕೂತ್ಕ ಇಲ್ಲಿ. ಗಟ್ಟಿ ಕೂತ್ಕ. ಕಾಲು ಆ ಕಲ್ಲಿನ ಮೇಲಿಡು” ಎಂದರು ನನಗೆ.

“ಇಲ್ಲಿಯಾ? ಜನ ನೋಡ್ತ್ರು ಅಕ್ಕ.”

“ಒಬ್ಳೇ ಕೂತ್ರೆ ನೋಡ್ತ್ರು. ಇಬ್ರು ಕೂತ್ರೆ ಗಾಳಿ ತಿನ್ನೂಕೆ ಬಂದವ್ರು ಅಂತ ಬಿಡ್ತ್ರು. ನಾನೂ ಕೂರ್ತೆ.”

ಕೂತರು. ನಾನು ಎದ್ದೆ, ಅವರಿಗೆ ಏಳಲಾಗಲಿಲ್ಲ. ಕೂತಲ್ಲಿಂದಲೇ ಚೀಲದಿಂದ ಕಚೇರಿಯ ಮರದ ಸ್ಕೇಲು ತೆಗೆದು, ನನ್ನ ಎರಡು ಗುಳಿಗಳ ನಡುವೆ ಇಟ್ಟು ಕಣ್ಣು ಸಣ್ಣ ಮಾಡಿ ಓದಿದರು. ಮೂರು ಸಲ ನನ್ನನ್ನು ಬೇರೆ ಬೇರೆ ಕಡೆ ಕೂರಿಸಿ ಮೂರು ಸಲ ಅಳೆದರು. ಬಲೆ ಸರಿಮಾಡುತ್ತಿದ್ದವನೊಬ್ಬ ಹತ್ತಿರ ಬಂದು, “ಎಂತ ಬಿದ್ದು ಹೋಯ್ತು ಅಕ್ಕ, ಹುಡ್ಕೂದಾ?” ಎಂದ.

“ಬೇಡ ತಮ್ಮ, ಸರ್ಕಾರಿ ಕೆಲ್ಸ” ಎಂದರು. ಆಮೇಲೆ ಅವನನ್ನೇ ಕರೆದು ಕೈ ಹಿಡಿದು ಎಬ್ಬಿಸಿಕೊಂಡರು. ತಮ್ಮ ಗುಳಿಗಳನ್ನು ತಿರುಗಿ ನೋಡಿ, “ನಂಗೆ ಸೀಟಲ್ಲ, ಬೆಂಚೇ ಬೇಕು” ಎಂದು ನಕ್ಕರು. ಹನ್ನೊಂದು ವರ್ಷದಲ್ಲಿ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಸಾಹೇಬರು ಹಳೆಯ ಸೀಟಿನ ಕಬ್ಬಿಣ ಇಟ್ಟುಕೊಂಡು, ಹಿಂದಿನ ಭಾಗ ಅಳತೆಯಷ್ಟು ಅಗಲಿಸಿ, ಮೂತಿ ಗಿಡ್ಡ ಮಾಡಿ, ತೆಂಗಿನ ನಾರಿನ ಮೇಲೆ ಗಟ್ಟಿ ಫೋಮು ಕೂರಿಸಿ, ನಡುವೆ ಉದ್ದಕ್ಕೆ ಸಂದು ಬಿಟ್ಟರು. ಹೆಂಡತಿ ಕಪ್ಪು ರೆಕ್ಸಿನ್ ಹೊಲಿದರು. ನೋಡಲು ಚಂದವಿರಲಿಲ್ಲ, ಕಪ್ಪೆ ಕೂತ ಹಾಗಿತ್ತು. ಊರಿಗೆ ಬಂದು ಹಾಕಿಸಿದೆವು. ಮೊದಲ ವಾರ ಡಾಂಬರು ರಸ್ತೆಯಲ್ಲಿ ಮಾತ್ರ ಹೋದೆ. ಎರಡನೆಯ ವಾರ ಒಡ್ಡಿನ ಮೇಲೂ ಹೊಡೆದು ನೋಡಿದೆ. ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಆದರೆ ನಾಳೆ ಹೇಗೆ ಎಂಬ ಹೆದರಿಕೆ ಹೋಯಿತು.

ಹೇಳಿದ ತಿಂಗಳಿಗೆ ಇನ್‌ಸ್ಪೆಕ್ಟರು ಬಂದು ಮೋಟಾರ್ ಸೈಕಲ್ಲಿನಲ್ಲಿ ನನ್ನ ಹಿಂದೆ ಹೊರಟರು. ಆ ದಿನ ಒಡ್ಡಿನಾಚೆಯ ಕಟ್ಟೂ ನನ್ನ ಚೀಲದಲ್ಲಿತ್ತು. ಒಡ್ಡಿನ ತನಕ ಬಂದು ಅಲ್ಲಿ ನಿಂತರು. ಅವರ ಗಾಡಿಗೆ ಆ ದಾರಿ ಆಗುತ್ತಿರಲಿಲ್ಲ. ನಾನು ಆಚೆಯ ಮನೆಗಳನ್ನೆಲ್ಲ ಮುಗಿಸಿ ಕಚೇರಿಗೆ ತಿರುಗಿ ಬಂದಾಗ ಹನ್ನೆರಡೂ ಕಾಲು. ಅವರು ಪುಸ್ತಕದಲ್ಲಿ ಸಹಿ ಹಾಕುತ್ತ, ಹೋದ ಸಲ ಯಾಕೆ ಅಷ್ಟು ತಡವಾಗುತ್ತಿತ್ತು ಎಂದು ಕೇಳಿದರು.

“ಸೀಟು ಸರಿ ಇರ್ಲಿಲ್ಲ ಸಾರ್” ಎಂದರು ಪೋಸ್ಟಕ್ಕ.

“ಅಷ್ಟೇನಾ? ಆಗ್ಲೇ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ಯಾವ ಫಾರಮ್ಮಿನಲ್ಲಿ ಬರ್ಕಳ್ತಿದ್ರಿ ಸಾರ್?”

ಅವರು ಚಹಾ ಕುಡಿದು ಹೋದರು. ಮರುದಿನವೂ ಪೋಸ್ಟಕ್ಕ ಒಡ್ಡಿನಾಚೆಯ ಕಟ್ಟನ್ನು ಕಪಾಟಿಗಿಡದೆ ನನ್ನ ಚೀಲಕ್ಕೆ ಹಾಕಿದರು.

ಕಳೆದ ಮಳೆಗಾಲದಲ್ಲಿ ಅವರ ಹೊಟ್ಟೆ ಉಬ್ಬಿದ ಹಾಗೆ ಕಾಣತೊಡಗಿತ್ತು. ಒಂದು ಸಲ ಕೇಳಿದೆ. “ಗ್ಯಾಸು. ಹಲಸಿನ ಬೀಜ ತಿಂದಿದ್ದೆ” ಎಂದರು. ನಾನು ಎರಡನೆಯ ಸಲ ಕೇಳಲಿಲ್ಲ. ಅವರಾದರೆ ಬಾಗಿಲು ಮುಚ್ಚಿ, ಚಿತ್ರ ಬರೆದು, ಎಲ್ಲಿ ಎಂದು ಬೆರಳಿಡುವವರೆಗೆ ಬಿಡುತ್ತಿರಲಿಲ್ಲ. ತಂಗಿ ಬಂದು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ತಡವಾಗಿತ್ತು. ನಿವೃತ್ತಿಗೆ ಇನ್ನೂ ಏಳು ತಿಂಗಳಿತ್ತು. ಇದನ್ನು ಸಭೆಯಲ್ಲಿ ಹೇಳಲಾಗಲಿಲ್ಲ. ಇಲ್ಲಿಯೂ ಹೇಗೆ ಹೇಳಬೇಕೋ ತಿಳಿಯದೆ ಬರೆದಿದ್ದೇನೆ.

ಅವರು ಹೋದ ಸುದ್ದಿ ಬೆಳಿಗ್ಗೆ ಎಂಟು ಗಂಟೆಗೆ ಬಂತು. ಒಂಬತ್ತಕ್ಕೆ ಬಸ್ಸಿನಲ್ಲಿ ಟಪಾಲು ಚೀಲವೂ ಬಂತು, ದಿನದ ಹಾಗೆಯೇ. ಪಕ್ಕದೂರಿನ ಕಚೇರಿಯಿಂದ ಬಂದವರು ಚೀಲ ಬಿಚ್ಚಿದರು, ಮೊಹರು ಹೊಡೆದರು. ಮೆಲ್ಲಗೆ ಹೊಡೆಯುವವರು ಅವರು. ಇವತ್ತು ನೀವು ಹೋಗದಿದ್ದರೂ ನಡೆಯುತ್ತದೆ ಎಂದರು. ನಾನು ಸೈಕಲ್ ತೆಗೆದೆ.

ಡಾಂಬರಿನ ಮೇಲಿನ ಮನೆಗಳಿಗೆ ಹೋದೆ, ಸೇತುವೆ ದಾಟಿ ಒಡ್ಡಿನಾಚೆಯ ಮನೆಗಳಿಗೂ ಹೋದೆ. ಪ್ರತಿ ಅಂಗಳದಲ್ಲಿ ಇಳಿದು, “ಪೋಸ್ಟಕ್ಕ ಹೋದ್ರು” ಎಂದು ಹೇಳಿ ಮತ್ತೆ ಹತ್ತಿದೆ. ಕೆಲವರು ಒಳಗೆ ಕರೆದರು. ಕೆಲವರು ಬಾಗಿಲಲ್ಲೇ ನಿಂತರು. ಆ ದಿನ ಹಂಚಲು ಇದ್ದದ್ದು ಮೂರೇ ಕಾಗದ. ನಾನು ಒಂದು ಮನೆಯನ್ನೂ ಬಿಡಲಿಲ್ಲ.